ಯಲವಗಿ ಸರ್ ಅವರ ಬಲಪುಟ

ಈ ವರ್ಷದ ಸುಗ್ಗಿ ಹಬ್ಬದ ಆರಾಧನೆಯಲ್ಲಿ ಯಲವಗಿ ಸರ್‌ಗೆ ಶಾಲು ಹೊದಿಸಬೇಕೆಂದು ನಮ್ಮ ಸಭೆಯ ಕಮಿಟಿ ಠರಾವು ಮಾಡಿತು. ಠರಾವು ಬರೆದವಳು ನಾನೇ. ಪುಣೆಯ ಈ ಕನ್ನಡ ಕ್ರೈಸ್ತ ಸಭೆಗೆ ನಾನು ಕಾರ್ಯದರ್ಶಿಯಾಗಿ ಒಂಬತ್ತು ವರ್ಷವಾಯಿತು. ಇಲ್ಲಿ ನಡೆದ ಒಳ್ಳೆಯದು ಕೆಟ್ಟದ್ದೆಲ್ಲ ಕುಸುಮ ಎಂಬ ನನ್ನ ಅಕ್ಷರದಲ್ಲೇ ಇದೆ. ಶಾಲು ಬಂತು, ಹಾರ ಬಂತು, ಕಾಣಿಕೆಯಾಗಿ ಬಂದ ಕುಂಬಳಕಾಯಿ ಬಾಳೆಗೊನೆಗಳ ಹರಾಜೂ ಮುಗಿಯಿತು. ಸರ್ ಬರಲಿಲ್ಲ. ಹಾರ ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಬಿದ್ದುಕೊಂಡಿತ್ತು. "ಭಾಳ ಸೊಕ್ಕು ಬಂದದ ಮುದುಕಗ" ಎಂದು ಹಿಂದಿನ ಬೆಂಚಿನಿಂದ ಯಾರೋ ಅಂದರು. ಎದ್ದು ನಿಂತು ಅವರ ನೀರಿಳಿಸಬೇಕೆನಿಸಿತು. ಬಾಯಿ ಏಳಲಿಲ್ಲ. ಸಭೆಯಲ್ಲಿ ಬಾಯಿ ಬಿಟ್ಟು ನಾನು ಒಮ್ಮೆ ಮಾಡಿದ ಕೆಲಸವೇ ಸಾಕಾಗಿತ್ತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಸತ್ಯಮಿತ್ರ ಯಲವಗಿ ಹುಬ್ಬಳ್ಳಿ ಕಡೆಯವರು. ಪುಣೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಮೂವತ್ತೊಂದು ವರ್ಷ ಭೂಗೋಳ ಕಲಿಸಿದರು. ಗಿಡ್ಡ ಆಳು, ದೊಡ್ಡ ದನಿ, ಬಗಲಲ್ಲಿ ಸದಾ ಒಂದು ಖಾದಿ ಚೀಲ. ಚೀಲದಲ್ಲಿ ವೇದಪುಸ್ತಕ, ಸಣ್ಣ ಸುತ್ತಿಗೆ, ಅಳತೆ ಟೇಪು, ಮತ್ತೆ ಗೌಂಡಿಗಳು ಮಟ್ಟ ನೋಡಲು ನೀರು ತುಂಬಿಸಿ ಹಿಡಿಯುವ ಪಾರದರ್ಶಕ ಪೈಪು. ಮದುವೆಗೆ ಕರೆದರೂ ಅದೇ ಚೀಲ ಹಾಕಿಕೊಂಡು ಬರುತ್ತಿದ್ದರು. ಅವರ ಹೆಂಡತಿ ಸುಮಂಗಲಾ ಯಾದಗಿರಿಯವರು, ಮಕ್ಕಳಿಲ್ಲ. ನಾವೆಲ್ಲ ಆಕೆಯನ್ನು ಬಾಯಾರು ಎನ್ನುತ್ತಿದ್ದೆವು. "ನಮ್ಮ ಯಜಮಾನರಿಗೆ ಕಲ್ಲು ಅಂದ್ರ ಅನ್ನಾನೂ ಬ್ಯಾಡ" ಎಂದು ಬಾಯಾರು ನಗುತ್ತ ನಗುತ್ತಲೇ ಇಡೀ ಕ್ಲಾಸಿಗೆ ಅವಲಕ್ಕಿ ಕಲಸಿ ಕಳಿಸುತ್ತಿದ್ದರು.

ಆ ಕ್ಲಾಸು ನಡೆಯುತ್ತಿದ್ದದ್ದು ಭಾನುವಾರ ಆರಾಧನೆ ಮುಗಿದ ಮೇಲೆ, ದೇವಾಲಯದ ಹಿಂದಿನ ಪಡಸಾಲೆಯಲ್ಲಿ. ಹನ್ನೆರಡು ಹದಿಮೂರರ ನಾವು ಹದಿನೈದು ಮಕ್ಕಳು. ಸರ್ ಪ್ರತಿಯೊಬ್ಬರಿಗೂ ನಾಲ್ಕು ನೋಟುಪುಸ್ತಕ ಮಾಡಿಸಿದ್ದರು: ಕಲ್ಲು, ನೀರು, ಗಾಳಿ, ಜೀವ. ಎಡಪುಟದಲ್ಲಿ ಅಂದಿನ ವಚನವನ್ನು ಸರ್ ತಮ್ಮ ಸರಳ ಮಾತಿನಲ್ಲಿ ಹೇಳುತ್ತಿದ್ದರು, ಬರೆಯಬೇಕು. ಬಲಪುಟದಲ್ಲಿ ನಾವು ಕಣ್ಣಾರೆ ಕಂಡು ಕೈಯಾರೆ ಅಳೆದದ್ದನ್ನು ಬರೆಯಬೇಕು.

"ಎಡಕ್ಕ ದೇವರು ಹೇಳಿದ್ದು. ಬಲಕ್ಕ ದೇವರು ಮಾಡಿದ್ದು. ಎರಡೂ ಒಬ್ಬಾತನ ಕೈಬರಹ. ಒಂದಕ್ಕೊಂದು ಕೂಡಲಿಲ್ಲ ಅಂದ್ರ ನೀವು ಎರಡರಾಗ ಒಂದನ್ನ ತಪ್ಪು ಓದೀರಿ ಅಂತ ತಿಳೀರಿ. ಎಡಪುಟಾ ಒಂದ ಓದಿ ಎದ್ದು ಹೋದವ ನನ್ನ ವಿದ್ಯಾರ್ಥಿ ಅಲ್ಲ" ಎನ್ನುತ್ತಿದ್ದರು.

ಆ ಕೊನೆಯ ಮಾತನ್ನು ಹೇಳುವಾಗ ಬೆರಳು ಎತ್ತುತ್ತಿದ್ದರು. ಆ ಬೆರಳು ಯಾರ ಕಡೆಗಿತ್ತೆಂದು ನನಗೆ ತಿಳಿಯಲು ಮೂವತ್ತು ವರ್ಷ ಬೇಕಾಯಿತು.

ಒಂದು ಮಳೆಗಾಲವಿಡೀ ಮೂರು ಡಬ್ಬಿಗಳಲ್ಲಿ ಮಳೆ ಅಳೆದೆವು. ಲೋಣಾವಳಾದಲ್ಲಿ ಚಿಕ್ಕಿ ಅಂಗಡಿಯ ಮಾಡಿನ ಮೇಲೆ ಒಂದು, ನಮ್ಮ ದೇವಾಲಯದ ಅಂಗಳದಲ್ಲಿ ಒಂದು, ಇಂದಾಪುರದಲ್ಲಿ ಸರ್‌ಗೆ ಪರಿಚಯದ ಒಬ್ಬ ಬಸ್ ಕಂಡಕ್ಟರ್ ಮನೆಯ ಮುಂದೆ ಒಂದು. ಒಂದೇ ಮೋಡ ಲೋಣಾವಳಾದಲ್ಲಿ ಕೊಡ ತುಂಬಿಸುತ್ತದೆ, ನಮಗೆ ಒಂದು ತಂಬಿಗೆ, ಇಂದಾಪುರಕ್ಕೆ ಬರೀ ಬಟ್ಟಲು. ಎಡಪುಟದಲ್ಲಿ, ದೇವರು ಒಳ್ಳೆಯವರ ಮೇಲೂ ಕೆಟ್ಟವರ ಮೇಲೂ ಮಳೆ ಸುರಿಸುತ್ತಾನೆ ಎಂದು ಬರೆಸಿದ್ದರು. "ಹಂಗಂದ್ರ ಇಂದಾಪುರದವರು ಏನ್ ಪಾಪ ಮಾಡ್ಯಾರ ಸರ್?" ಎಂದು ನಾನು ಕೇಳಿದೆ. ಸರ್‌ಗೆ ಸಿಟ್ಟು ಬರಲಿಲ್ಲ, ಖುಷಿಯಾಯಿತು. "ಪಾಪ ಅಲ್ಲವಾ, ನಡುವ ಸಹ್ಯಾದ್ರಿ ಅದ. ಗುಡ್ಡಾ ಇಟ್ಟಾವನೂ ಆತನ" ಎಂದರು. ಅಂದಿನಿಂದ ಅವರಿಗೆ ನನ್ನ ಮೇಲೆ ಭಾರಿ ಭರವಸೆ. ನನ್ನನ್ನೇ ಮುಂದೆ ನಿಲ್ಲಿಸಿ ವಚನ ಹೇಳಿಸುತ್ತಿದ್ದರು, ನನಗೆ ನೆನಪಿನ ಶಕ್ತಿ ಚೆನ್ನಾಗಿತ್ತು.

ಈಗ ಹೋದ ವರ್ಷದ ಮಾತಿಗೆ ಬರುತ್ತೇನೆ. ನಾವು ಹೂಳುವ ಹಳೆಯ ಸ್ಮಶಾನದಲ್ಲಿ ಜಾಗ ಮುಗಿದಿತ್ತು. ಮನೆತನದ ಸಮಾಧಿ ಇದ್ದವರು ಅದನ್ನೇ ತೆರೆದು ಇನ್ನೊಬ್ಬರನ್ನು ಇಡುತ್ತಾರೆ, ಇಲ್ಲದವರು ಏನು ಮಾಡಬೇಕು? ಮೇಲಾಗಿ ಅದು ಗಟ್ಟಿ ಕರಿಕಲ್ಲಿನ ನೆಲ. ಮೂರು ಅಡಿ ಇಳಿದರೆ ಬ್ರೇಕರ್ ಮಶೀನು ತರಿಸಬೇಕು. ಅದರ ಗಡಗಡ ಸದ್ದಿನಲ್ಲಿ ಹೆಣದ ಮುಂದೆ ಪ್ರಾರ್ಥನೆ ಯಾರಿಗೂ ಕೇಳಿಸುತ್ತಿರಲಿಲ್ಲ. ಆಗ ನಮ್ಮ ಸಭೆಯ ಹಿರಿಯ, ಕಟ್ಟಡ ಗುತ್ತಿಗೆದಾರ ಚನ್ನವೀರ ಸುವಾರ್ತಪ್ಪ, ಸೋಲಾಪುರ ರಸ್ತೆಯಲ್ಲಿ ಮಾಂಜರಿ ದಾಟಿದ ಮೇಲೆ ಮುಳಾ-ಮುಠಾ ನದಿಯ ದಂಡೆಗೆ ಹನ್ನೆರಡು ಗುಂಟೆ ಹುಡುಕಿಕೊಂಡು ಬಂದ. ಅವನೂ ಸರ್ ಕೈಯಲ್ಲಿ ಕಲಿತವನೇ. ಮಾತು ಪಕ್ಕಾ ಆಗುವ ಮೊದಲೇ ಅಲ್ಲಿದ್ದ ಹಳೆಯ ಪಂಪಿನ ಕೋಣೆಗೆ ಸುಣ್ಣ ಬಳಿಸಿ, ಮೇಲೊಂದು ನೀಲಿ ಶಿಲುಬೆ ಬರೆಸಿಬಿಟ್ಟಿದ್ದ.

ಕಮಿಟಿ ಸಭೆಯಲ್ಲಿ ಚನ್ನವೀರ ಎದ್ದು, "ಗುದ್ದಲಿ ಹಾಕಿದ್ರ ಬೆಣ್ಣಿರೀ ಬೆಣ್ಣಿ! ಎರಡು ತಾಸಿನ್ಯಾಗ ಕುಣಿ ತಯಾರ" ಎಂದ. ಎಲ್ಲರೂ ತಲೆಯಾಡಿಸಿದರು.

ಯಲವಗಿ ಸರ್ ಮಾತ್ರ ಒಂದು ನಕ್ಷೆ ಬರೆದು ತಂದಿದ್ದರು. ನೀಲಿ ಪೆನ್ಸಿಲ್ಲಿನಲ್ಲಿ ಎಳೆದ ಮಹಾಪೂರದ ಗೆರೆಯೊಂದು ಆ ಹನ್ನೆರಡು ಗುಂಟೆಯ ಮೇಲಂಚಿನಲ್ಲಿ ಹಾದುಹೋಗಿತ್ತು. ಜಮೀನೆಲ್ಲ ಗೆರೆಯ ಕೆಳಗೆ.

"ಅದು ಬೆಣ್ಣಿ ಹಂಗ ಮೆತ್ತಗ ಯಾಕ ಅದ, ಯಾರರ ಕೇಳಿದ್ರೇನು? ಪುಣೆದಾಗ ಎಲ್ಲಾ ಕಡೆ ಕಲ್ಲು, ಅಲ್ಲಷ್ಟ ಯಾಕ ಮಣ್ಣು? ನದಿ ತಂದು ಹಾಕಿದ ಮಣ್ಣರೀ ಅದು. ತಂದಾಕಿ ಒಂದಿನ ಒಯ್ಯಲಿಕ್ಕೂ ಬರ್ತಾಳ. ನಂಬಿಕಿ ಇಲ್ಲಂದ್ರ ಪಂಪಿನ ಕೋಣಿ ಗ್ವಾಡಿ ನೋಡ್ರಿ" ಎಂದರು ಸರ್.

"ನೋಡೀವ್ರಿ ಸರ್, ಸುಣ್ಣಾ ಬಳಿಸೀವಿ. ಸ್ವಚ್ಛ ಅದ" ಎಂದ ಚನ್ನವೀರ. ಜನ ನಕ್ಕರು.

ನಕ್ಕರೂ ಎಲ್ಲರ ಮುಖದಲ್ಲಿ ಅನುಮಾನವಿತ್ತು, ಯಾಕೆಂದರೆ ಮಾತಾಡಿದವರು ಸರ್. ಇನ್ನು ಐದು ನಿಮಿಷ ಬಿಟ್ಟಿದ್ದರೆ ಠರಾವು ಮುಂದಕ್ಕೆ ಹೋಗುತ್ತಿತ್ತು. ಆದರೆ ಹೊತ್ತಾಗಿತ್ತು, ಹೊರಗೆ ಊಟದ ವಾಸನೆ ಬರುತ್ತಿತ್ತು, ಮತ್ತು ನನಗೆ ಜಾಣೆ ಅನಿಸಿಕೊಳ್ಳುವ ಚಟ ಇನ್ನೂ ಬಿಟ್ಟಿರಲಿಲ್ಲ. ನಾನು ಎದ್ದೆ. "ಸರ್, ನೀವ ಬರಿಸಿದ್ದಲ್ರೀ? ನೀರಿಗೆ ದೇವರು ಎಲ್ಲೆ ಹಾಕಿದ್ದಾನೆ, ಆ ಎಲ್ಲೆಯನ್ನು ಅದು ಮೀರುವುದಿಲ್ಲ. ನೀರಿನ ನೋಟ್‌ಬುಕ್, ಎಡಪುಟ" ಎಂದೆ. ಅದೇ ಹನ್ನೆರಡು ವರ್ಷದ ಹುಡುಗಿಯ ರಾಗದಲ್ಲಿ ಹೇಳಿದೆ.

"ಆಮೆನ್!" ಎಂದ ಚನ್ನವೀರ. ಗುರುವಿಗೇ ತಿರುಮಂತ್ರ ಹಾಕಿದ್ದಕ್ಕೆ ಚಪ್ಪಾಳೆ ಬಿತ್ತು. ಇಪ್ಪತ್ಮೂರು ಕೈ ಮೇಲೆದ್ದವು. ನನ್ನದೂ ಇತ್ತು. ಸರ್ ನನ್ನ ಕಡೆ ನೋಡಿದರು, ನಕ್ಷೆ ಮಡಚಿ ಚೀಲಕ್ಕೆ ಹಾಕಿಕೊಂಡು ಕೂತರು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನಾವು ಆ ಗಿಡದ ಎಲೆ ಕಿತ್ತು ಅದಕ್ಕೇ ಹೊಡೆದಿದ್ದೆವು.

ಮರುವರ್ಷ ಮೇ ತಿಂಗಳಲ್ಲಿ ಬಾಯಾರು ತೀರಿಕೊಂಡರು. ಮೂತ್ರಪಿಂಡದ ಕಾಯಿಲೆ, ಎಂಟು ತಿಂಗಳು ನರಳಿದರು. ಕೊನೆಯ ವಾರ ನಾನು ನೋಡಲು ಹೋದಾಗ ಬಾಯಾರು ಸರ್ ಅವರ ಕೈ ಹಿಡಿದುಕೊಂಡು ಹೇಳುತ್ತಿದ್ದರು: "ನನ್ನ ಸುಡಬ್ಯಾಡ್ರಿ. ಬೆಂಕಿ ಅಂದ್ರ ನನಗ ಮೊದಲಿಂದ ಅಂಜಿಕಿ. ಮಣ್ಣಾಗ ಇಡ್ರಿ. ಯಾದಗಿರಿತನಕಾ ಒಯ್ಯೂದು ಬ್ಯಾಡ, ನಿಮಗ ಬಸ್ಸಿನ್ಯಾಗ ಬಂದು ಹೋಗೂವಷ್ಟು ಹತ್ತರ ಇರಬೇಕು. ಕಡೀ ದಿನ ಕಹಳಿ ಊದಿ ದೇವರು ಸತ್ತವರನ್ನ ಎಬ್ಬಿಸಿದಾಗ ಅಲ್ಲಿಂದನ ಏಳ್ತೀನಿ." ಸರ್ ಆಗಲಿ ಎಂದು ಮಾತು ಕೊಟ್ಟರು. ಅವರಿಗೆ ಪುಣೆಯಲ್ಲಿ ಮನೆತನದ ಸಮಾಧಿ ಇರಲಿಲ್ಲ. ಇದ್ದದ್ದು ಅದೊಂದೇ ಜಾಗ, ತಾವೇ ಬೇಡವೆಂದಿದ್ದ ಆ ಹನ್ನೆರಡು ಗುಂಟೆ.

ಹೂಳುವ ದಿನ ಬೆಳಿಗ್ಗೆ ಸರ್ ಎಲ್ಲರಿಗಿಂತ ಮೊದಲೇ ಅಲ್ಲಿಗೆ ಹೋಗಿದ್ದರು. ನಾನು ತಲುಪಿದಾಗ ಪೈಪಿನಲ್ಲಿ ನೀರು ತುಂಬಿಸಿಕೊಂಡು, ಒಂದು ತುದಿಯನ್ನು ಕುಣಿ ತೋಡುವವನ ಕೈಗೆ ಕೊಟ್ಟು ಮಟ್ಟ ನೋಡುತ್ತಿದ್ದರು. ಮನೆಯಲ್ಲಿ ಹೆಂಡತಿಯ ಹೆಣ, ಇಲ್ಲಿ ಇವರು ಅಳತೆ ಮಾಡುತ್ತಿದ್ದಾರೆ. ನನಗೆ ನೋಡಲಾಗಲಿಲ್ಲ. ಸರ್ ಚನ್ನವೀರನ ಹತ್ತಿರ ಬಂದು ಕೈ ಮುಗಿದರು. ನಾನು ಅವರು ಯಾರಿಗೂ ಕೈ ಮುಗಿದದ್ದನ್ನು ಕಂಡಿರಲಿಲ್ಲ.

"ಚನ್ನವೀರ, ಮ್ಯಾಲಿನ ಮೂಲಿ, ಪಂಪಿನ ಕೋಣಿ ಹಿಂದ, ನದಿ ಕಡಿ ಜಾಗಕ್ಕಿಂತ ಒಂದಾಳು ಎತ್ತರ ಅದ. ಅದೂ ಪೂರಾ ಸುರಕ್ಷಿತ ಅಲ್ಲ, ಆದ್ರ ಅದನ್ನರ ಕೊಡು."

ಚನ್ನವೀರ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನಗೆ ಬರೆಯುವುದು ಸುಲಭವಾಗುತ್ತಿತ್ತು. "ಸರ್, ಮ್ಯಾಲಿನ ಮೂಲಿ ಸಭಾಪಾಲಕರಿಗೆ, ಜಮೀನಿಗೆ ದೊಡ್ಡ ಕಾಣಿಕಿ ಕೊಟ್ಟ ಮನೆತನದವರಿಗೆ ಅಂತ ಠರಾವು ಆಗೇದ್ರಿ. ಉಳಿದವರದ್ದು ನದಿ ಕಡಿಂದ ಸಾಲಾಗಿ. ಇವತ್ತ ನಿಮಗ ಬಿಟ್ಟುಕೊಟ್ರ ನಾಳೆ ಎಲ್ಲಾರೂ ಕೇಳ್ತಾರ" ಎಂದು ನನ್ನ ಕಡೆ ತಿರುಗಿದ. "ಹೌದಲ್ರೀ ಕುಸುಮಕ್ಕ? ನೀವ ಬರದೀರಲ್ಲ?"

ಹೌದು ಎಂದೆ. ಬರೆದದ್ದು ಬರೆದದ್ದೇ ಎಂದು ನನಗೆ ಅನಿಸಿತ್ತು.

ಹಾಗೆ ಮೊದಲ ಸಾಲಿನ ಮೊದಲ ಸಮಾಧಿ ಸುಮಂಗಲಾ ಬಾಯಾರದಾಯಿತು. ಕಾಲು ಪೂರ್ವಕ್ಕೆ, ತಲೆ ಪಶ್ಚಿಮಕ್ಕೆ, ಮೇಲೆ ಅವರ ತವರಿನ ಕಡೆಯ ಒಂದು ಶಹಾಬಾದಿ ಕಲ್ಲು. ನದಿ ಇಪ್ಪತ್ತು ಹೆಜ್ಜೆ ದೂರದಲ್ಲಿ ಬೇಸಿಗೆಯ ಕೊಳಚೆ ಹೊತ್ತು ಸುಮ್ಮನೆ ಹರಿಯುತ್ತಿತ್ತು. "ನೋಡ್ರಿ, ಎಷ್ಟು ಶಾಂತ ಅದ" ಎಂದ ಚನ್ನವೀರ. ಸರ್ ಒಂದು ಹಿಡಿ ಮಣ್ಣು ಹಾಕಿ, ಬೆರಳಲ್ಲಿ ಉಳಿದದ್ದನ್ನು ತಿಕ್ಕಿ ನೋಡಿದರು. ಮಣ್ಣನ್ನು ಕಂಡರೆ ತಿಕ್ಕಿ ನೋಡುವುದು ಅವರ ಹುಟ್ಟುಗುಣ.

ಜೂನ್ ತಿಂಗಳಿಡೀ ಪ್ರತಿ ಭಾನುವಾರ ಆರಾಧನೆ ಮುಗಿಸಿ ಬಸ್ಸು ಹಿಡಿದು ಅಲ್ಲಿಗೆ ಹೋಗಿ ಬಂದರು. ಜುಲೈ ಕೊನೆಯಲ್ಲಿ ಘಟ್ಟದ ಮೇಲೆ ಮಳೆ ಹಿಡಿಯಿತು. ನಾಲ್ಕು ದಿನ ಬಿಡಲಿಲ್ಲ. ಆಣೆಕಟ್ಟುಗಳು ತುಂಬಿದವು, ಬಾಗಿಲು ತೆರೆದರು, ಊರೊಳಗಿನ ಸಣ್ಣ ಸೇತುವೆಗಳ ಮೇಲೆ ನೀರು ಹರಿಯಿತು. ಐದನೆಯ ದಿನ ನೀರಿಳಿದ ಮೇಲೆ ನಾವು ನಾಲ್ಕೈದು ಜನ ಮಾಂಜರಿ ದಾಟಿ ಹೋದೆವು. ದಂಡೆ ಕುಸಿದು ನದಿ ಒಳಗೆ ಬಂದಿತ್ತು. ಮೊದಲ ಸಾಲು ಇರಬೇಕಾದಲ್ಲಿ ಕೆಂಪು ನೀರು ತಿರುಗುತ್ತಿತ್ತು. ಶಹಾಬಾದಿ ಕಲ್ಲು ಕೆಳಗೆ ಕೆಸರಿನಲ್ಲಿ ಮೂಲೆ ಮೇಲಾಗಿ ಸಿಕ್ಕಿಕೊಂಡಿತ್ತು. ಶವಪೆಟ್ಟಿಗೆ ಇರಲಿಲ್ಲ. ಸರ್ ನಮಗಿಂತ ಮೊದಲೇ ಬಂದು ಪಂಪಿನ ಕೋಣೆಯ ಗೋಡೆಗೆ ಒರಗಿ ನಿಂತಿದ್ದರು. ಬೆಳ್ಳನೆ ಸುಣ್ಣದ ಮೇಲೆ, ಅವರ ತಲೆಗಿಂತ ಮೇಲಕ್ಕೆ, ಒಂದು ಹೊಸ ಕೆಸರಿನ ಗೆರೆ ಇತ್ತು.

ನಮ್ಮ ಸಭಾಪಾಲಕ ಅಶ್ವಿತ್ ಅಯ್ಯನವರು ಬೆಂಗಳೂರಿನವರು, ವಯಸ್ಸು ಚಿಕ್ಕದು, ಮನಸ್ಸು ಒಳ್ಳೆಯದು. ಸಮಾಧಾನ ಹೇಳದಿದ್ದರೆ ತಮ್ಮ ಕೆಲಸ ಬಾಕಿ ಉಳಿಯಿತೆಂದು ತಿಳಿಯುವವರು. "ಸರ್, ಈ ನೀರು ಭೀಮಾ ನದಿ ಸೇರಿ ಯಾದಗಿರಿಗೇ ಹೋಗುತ್ತಂತಲ್ವಾ? ಅಮ್ಮನವರನ್ನ ದೇವರು ತವರಿಗೆ ಕರ್ಕೊಂಡು ಹೋದ್ರು ಅಂದ್ಕೊಳ್ಳಿ" ಎಂದರು.

ಸರ್ ಪಾಠ ಹೇಳುವ ದನಿಯಲ್ಲೇ ಉತ್ತರಿಸಿದರು. "ಭೀಮಾ ಇಂದಾಪುರದ ಹತ್ತರ ಉಜನಿ ಆಣೆಕಟ್ಟಿನ್ಯಾಗ ನಿಂದರ್ತದ ಅಯ್ಯನೋರೆ. ನಿಂತ ನೀರಿನ್ಯಾಗ ಹೂಳು ತಳಕ್ಕ ಕೂಡ್ತದ. ನೀರು ಯಾದಗಿರಿಗೆ ಹೋಗ್ತದ. ಸುಮಂಗಲಾ ಹೋಗೂದಿಲ್ಲ."

 

ನಾಚಿಕೆಗೆಟ್ಟ ನಾವು ಎರಡೇ ವಾರದಲ್ಲಿ ಜಮೀನಿನ ಮಾತು ಶುರುಮಾಡಿದೆವು. ಜಮೀನು ಕೈ ಬಿಡಬೇಕಾಗುತ್ತದೆಂಬ ಭಯ ಕಮಿಟಿಗೆ. ಇದು ನೂರು ವರ್ಷಕ್ಕೊಮ್ಮೆ ಬರುವ ಮಹಾಪೂರ, ಯಾರೂ ಊಹಿಸಲಾಗದ್ದು, ಇನ್ನು ಮುಂದೆ ಭಯವಿಲ್ಲ ಎಂದು ಒಂದು ಪತ್ರ ತಯಾರಾಯಿತು. ಕೆಳಗೆ ಭೂಗೋಳ ಬಲ್ಲವರೊಬ್ಬರ ಸಹಿ ಇದ್ದರೆ ಸಭೆಯ ಜನ ನಂಬುತ್ತಾರೆ. ಭೂಗೋಳ ಬಲ್ಲವರು ನಮ್ಮಲ್ಲಿ ಇನ್ಯಾರಿದ್ದಾರೆ? ಪತ್ರ ಹಿಡಿದು ಸರ್ ಮನೆಗೆ ಹೋದವರು ಚನ್ನವೀರ ಮತ್ತು ನಾನು. ಎರಡನೆಯ ಸಾಲಿನ ಮೊದಲ ಜಾಗವನ್ನು ಗೌರವಪೂರ್ವಕ ಸರ್‌ಗೇ ಕಾದಿಡಲಾಗಿದೆ ಎಂಬ ಮಾತನ್ನೂ ಚನ್ನವೀರ ಹೇಳಿದ. ಗಾಯದ ಮೇಲೆ ಉಪ್ಪು ಸವರುತ್ತಿದ್ದೇವೆ ಎಂಬುದು ಅವನಿಗೆ ಹೊಳೆಯಲೇ ಇಲ್ಲ. ನನಗೆ ಹೊಳೆದಿತ್ತು, ಆದರೂ ಕೂತಿದ್ದೆ.

ಸರ್ ಕನ್ನಡಕ ಹಾಕಿಕೊಂಡು ಪತ್ರವನ್ನು ಎರಡು ಸಲ ಓದಿದರು. "ಯಾರು ಬರದದ್ದು?"

"ನಾನ ಸರ್."

ಅವರು ಜೇಬಿನಿಂದ ಕೆಂಪು ಪೆನ್ನು ತೆಗೆದರು. 'ಯಾರೂ ಊಹಿಸಲಾಗದ್ದು' ಎಂಬ ಮಾತಿನ ಕೆಳಗೆ ಗೆರೆ ಎಳೆದು, ಬದಿಯಲ್ಲಿ ಒಂದೇ ಶಬ್ದ ಬರೆದು ಕಾಗದವನ್ನು ನನ್ನ ಕೈಗೇ ಕೊಟ್ಟರು. 'ಬಲಪುಟ?' ಎಂದಿತ್ತು. ಸಹಿ ಇರಲಿಲ್ಲ. ನಮ್ಮ ಚಹಾ ಆರಿಹೋಗಿತ್ತು.

"ಏನದರ ಅರ್ಥ?" ಎಂದು ದಾರಿಯಲ್ಲಿ ಚನ್ನವೀರ ಕೇಳಿದ. ಗೊತ್ತಿಲ್ಲ ಎಂದೆ. ಮನೆಗೆ ಹೋಗಿ ಅಟ್ಟದ ಟ್ರಂಕು ಇಳಿಸಿದೆ. ಅವ್ವ ನನ್ನ ಶಾಲೆಯ ಪುಸ್ತಕವೊಂದನ್ನೂ ರದ್ದಿಗೆ ಹಾಕಿರಲಿಲ್ಲ. ನೀರಿನ ನೋಟುಪುಸ್ತಕ ಸಿಕ್ಕಿತು. ಎಡಪುಟದಲ್ಲಿ ದುಂಡಗಿನ ಅಕ್ಷರದಲ್ಲಿ ಅದೇ ವಚನ: ನೀರಿಗೆ ದೇವರು ಎಲ್ಲೆ ಹಾಕಿದ್ದಾನೆ. ಎದುರಿನ ಪುಟದಲ್ಲಿ ನನ್ನದೇ ಅಕ್ಷರ, ಸ್ವಲ್ಪ ಓರೆಯಾಗಿ, ನಿಂತುಕೊಂಡು ಬರೆದ ಹಾಗೆ:

'ಇಂದು ಸರ್ ನಮ್ಮನ್ನು ಬಸ್ಸಿನಲ್ಲಿ ಮಾಂಜರಿಗೆ ಕರೆದುಕೊಂಡು ಹೋಗಿದ್ದರು. ನದಿಯ ಹತ್ತಿರ ಒಂದು ಪಂಪಿನ ಕೋಣೆ ಇದೆ. ಅದರ ಗೋಡೆಯ ಮೇಲೆ ಹೋದ ಮಳೆಗಾಲದ ನೀರಿನ ಗೆರೆ ಇದೆ. ಅದು ನನ್ನ ತಲೆಗಿಂತ ಎರಡು ಗೇಣು ಮೇಲಿದೆ. ನೀರಿಗೆ ದೇವರು ಹಾಕಿದ ಎಲ್ಲೆ ಇದೇ ಎಂದು ಸರ್ ಹೇಳಿದರು. ಇದರ ಕೆಳಗೆ ಮನೆ ಕಟ್ಟಬಾರದು.'

ಕೆಳಗೆ ಸರ್ ಹಸಿರು ಶಾಯಿಯಲ್ಲಿ 'ಭೇಷ್' ಎಂದು ಬರೆದಿದ್ದರು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು. ಟ್ರಂಕಿನ ಪಕ್ಕ ಕೂತು ನಾನು ಅತ್ತೆ. ಅತ್ತದ್ದು ಬಾಯಾರಿಗಾಗಿ ಎಂದು ಹೇಳಿದರೆ ಸುಳ್ಳಾಗುತ್ತದೆ. ನನ್ನ ಬಗ್ಗೆ ನನಗೇ ಹುಟ್ಟಿದ ಹೇಸಿಗೆಗೆ ಅತ್ತೆ.

ಅಷ್ಟಾದರೂ ಸರ್ ಮನೆಯ ಮೆಟ್ಟಿಲು ಹತ್ತುವ ಧೈರ್ಯ ಬರಲಿಲ್ಲ. ಶಾಲಿನ ಠರಾವು ಬಂದಾಗ ಅದನ್ನೂ ಬರೆದೆ. ಅವರು ಆರಾಧನೆಗೆ ಬರುವುದನ್ನು ಬಿಟ್ಟು ಮೂರು ತಿಂಗಳಾಗಿತ್ತು. ಭಾನುವಾರ ಬೆಳಿಗ್ಗೆ ಹಡಪಸರದಲ್ಲಿ ಇಂದಾಪುರದ ಎಸ್‌ಟಿ ಬಸ್ಸು ಹತ್ತುತ್ತಾರೆ ಎಂದು ಅವರ ನೆರೆಮನೆಯವರು ಹೇಳಿದ್ದರು. ಸುಗ್ಗಿ ಹಬ್ಬದ ಮರುವಾರ ನಾನೂ ನೋಟುಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಅದೇ ಬಸ್ಸು ಹತ್ತಿದೆ. ಅವರು ಮುಂದೆ ಕೂತಿದ್ದರು, ನಾನು ಹಿಂದೆ. ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ಮೂರು ತಾಸಿನ ದಾರಿ. ಇಳಿದಾಗ ನನ್ನನ್ನು ನೋಡಿದರು. "ಬಾ" ಎಂದಷ್ಟೇ ಅಂದರು.

ಹಂಚಿಕೆಯ ಆಟೋದಲ್ಲಿ ಉಜನಿ ಹಿನ್ನೀರಿನ ದಡಕ್ಕೆ ಹೋದೆವು. ಮೀನುಗಾರರು ಬಲೆ ಒಣಗಿಸಿದ್ದರು. ನೀರು ಕಣ್ಣಿಗೆ ಕಾಣುವಷ್ಟೂ ದೂರ ನಿಂತಿತ್ತು. ಸರ್ ಒಂದು ಕಲ್ಲಿನ ಮೇಲೆ ಕೂತು ಚಪ್ಪಲಿ ಬಿಟ್ಟರು. ನಾನು ನೋಟುಪುಸ್ತಕ ತೆರೆದು ಅವರ ತೊಡೆಯ ಮೇಲಿಟ್ಟೆ. ಅವರು ತಮ್ಮ ಹಸಿರು 'ಭೇಷ್' ಅನ್ನು ಬಹಳ ಹೊತ್ತು ನೋಡಿದರು.

"ತಪ್ಪಾತು ಸರ್" ಎಂದೆ.

"ವಚನಾ ಸುಳ್ಳಲ್ಲ ಕುಸುಮಾ. ನೀರು ತನ್ನ ಎಲ್ಲೆ ದಾಟಿಲ್ಲ. ನಾವು ದಾಟಿದ್ವಿ" ಎಂದರು. "ಅಯ್ಯನೋರು ಕೇಳ್ತಿದ್ರು, ದೇವರ ಮ್ಯಾಲ ಸಿಟ್ಟೇನ್ರಿ ಅಂತ. ದೇವರ ಮ್ಯಾಲ ಯಾಕ ಸಿಟ್ಟು? ಆತ ಗ್ವಾಡಿ ಮ್ಯಾಲ ಬರದಿಟ್ಟಿದ್ದ. ನೀವು ಸುಣ್ಣಾ ಹಚ್ಚಿದ್ರಿ."



"ನನಗ ಆ ಎರಡನೇ ಸಾಲು ಬ್ಯಾಡ" ಎಂದು ಮುಂದುವರಿಸಿದರು. "ನಾ ಸತ್ತ ಮ್ಯಾಲ ಸುಡ್ರಿ, ವಿದ್ಯುತ್ ಚಿತಾಗಾರದಾಗ. ಬೂದಿ ತಂದು ಇಲ್ಲಿ ಬಿಡು."

ನನಗೆ ದಿಗಿಲಾಯಿತು. ದೇಹದ ಪುನರುತ್ಥಾನದ ಪಾಠವನ್ನು ನಮಗೆಲ್ಲ ಹೇಳಿಕೊಟ್ಟವರು ಇವರೇ. "ಸರ್, ನೀವ ಹಿಂಗಂದ್ರ ಹೆಂಗ್ರಿ? ಕಹಳಿ ಊದಿದಾಗ..."

"ಕಹಳಿ ಊದಿದಾಗ ಆಕಿ ಈ ಹೂಳಿನ್ಯಾಗಿಂದನ ಏಳಬೇಕಲ್ಲ? ಒಬ್ಬಾಕೀನ ಹೆಂಗ ಬಿಡ್ಲಿ? ಹತ್ತರ ಇರ್ತೀನಿ ಅಂತ ಮಾತು ಕೊಟ್ಟೀನಿ."

"ಕಮಿಟಿ ಒಪ್ಪೂದಿಲ್ರೀ ಸರ್."

"ನನ್ನ ಬೂದಿಗೆ ಠರಾವು ಬೇಕಿಲ್ಲ. ನೀ ಒಬ್ಬಾಕಿ ಸಾಕು." ಅವರು ನೋಟುಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟರು. ಮೂವತ್ತು ವರ್ಷದ ಹಿಂದಿನ ಪಡಸಾಲೆಯ ದನಿಯಲ್ಲಿ ಹೇಳಿದರು: "ಅವತ್ತ ಠರಾವಿಗೆ ಕೈ ಎತ್ತಿದ್ದೆಲ್ಲ? ಈಗ ಇದಕ್ಕೂ ಎತ್ತು."

ನಾನು ಕೈ ಎತ್ತಿದೆ. ಅವರು ನೀರಿನ ಕಡೆ ನೋಡುತ್ತ ಕೂತಿದ್ದರು, ಇಳಿಸು ಎನ್ನಲಿಲ್ಲ.